ಬಿಲ್ಲು, ಚಲನ್, ತಾರೀಖು: ವ್ಯಾಪಾರದ ಕೇಸು ನಾನು ನಡೆಸುವ ಬಗೆ

ಲಾ ಓದುವ ಮೊದಲೇ ನಾನು ಲೆಕ್ಕ ಬರೆದವನು. ಅಪ್ಪ ದಾವಣಗೆರೆಯ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ರಜೆ ಬಂದರೆ ಅವರ ಪಕ್ಕ ಕೂತು ಜಮಾ-ಖರ್ಚು ಬರೆಯುತ್ತಿದ್ದೆ. ಬೆಂಗಳೂರಿಗೆ ಬಂದ ಮೇಲೆ ಸೀನಿಯರ್ ಒಬ್ಬರ ಹಿಂದೆ ಆರು ವರ್ಷ ಫೈಲು ಹೊತ್ತೆ. ಬರೀ ಆಸ್ತಿ ಪಾಲಿನ ಜಗಳಗಳು.

ವ್ಯಾಪಾರದ ಕೇಸಿಗೆ ಇಳಿದದ್ದು 2018ರ ನಂತರ. ವ್ಯಾಪಾರದ ವಿವಾದಗಳಿಗೆಂದೇ ಕೋರ್ಟು ಮಾಡಿದ ಕಮರ್ಷಿಯಲ್ ಕೋರ್ಟ್ ಕಾಯ್ದೆ 2015ರಲ್ಲೇ ಬಂದಿತ್ತು. ಆದರೆ 1 ಕೋಟಿಗಿಂತ ಕಡಿಮೆ ಮೊತ್ತದ ವಿವಾದಕ್ಕೆ ಅಲ್ಲಿ ಜಾಗ ಇರಲಿಲ್ಲ. 2018ರಲ್ಲಿ ಆ ಮಿತಿಯನ್ನು 3 ಲಕ್ಷಕ್ಕೆ ಇಳಿಸಿದರು. ಪೀಣ್ಯದ ಸಣ್ಣ ವರ್ಕ್‌ಶಾಪಿನವರೂ ನನ್ನ ಬಾಗಿಲಿಗೆ ಬರತೊಡಗಿದರು.

ಮೊತ್ತ, ವಿವರ ಬದಲಿಸಿ ಅಂಥ ಒಂದು ಕೇಸು ಹೇಳುತ್ತೇನೆ. ಬಿಡಿಭಾಗ ಮಾಡುವವರು, 14 ಲಕ್ಷ ಬಾಕಿ, ಒಂಬತ್ತು ಬಿಲ್ಲು. "ಅವನನ್ನ ಸುಮ್ನೆ ಬಿಡಬಾರದು ಸರ್" ಎನ್ನುತ್ತಲೇ ಒಳಗೆ ಬಂದರು. ಕಾಫಿ ತರಿಸಿದೆ, ಸಿಟ್ಟು ಕೇಳಿಸಿಕೊಂಡೆ. ಆಮೇಲೆ ಒಂದು ಖಾಲಿ ಹಾಳೆ ತೆಗೆದು ತಾರೀಖುಗಳನ್ನು ಬರೆಯುತ್ತಾ ಹೋದೆ. ಕಾನೂನು ಪುಸ್ತಕ ನಾನು ಮೊದಲ ದಿನ ಮುಟ್ಟುವುದೇ ಇಲ್ಲ.

ಹಾಳೆ ತುಂಬಿದಾಗ ಎದೆ ಧಸಕ್ಕೆಂದಿತು. ಬಾಕಿಗೆ ದಾವೆ ಹಾಕಲು ಇರುವ ಗಡುವು ಮೂರು ವರ್ಷ, ಮೊದಲ ಎರಡು ಬಿಲ್ಲಿಗೆ ಅದು ದಾಟಿತ್ತು. ಕೊನೆಯ ಬಿಲ್ಲಿನಿಂದ ಮೂರು ವರ್ಷ ಎಂದು ಅವರು ನಂಬಿದ್ದರು. ತುಂಬಾ ಜನ ಹಾಗೇ ನಂಬುತ್ತಾರೆ. ಆದರೆ ಒಂದೊಂದು ಬಿಲ್ಲಿಗೂ ಅದರದೇ ಗಡುವು. ಅವರ ಇಮೇಲ್ ಎಲ್ಲಾ ತೆರೆಸಿದೆ. ಮೂರು ಗಂಟೆ ಹುಡುಕಿದ ಮೇಲೆ ಎದುರು ಕಂಪನಿಯ ಮಾಲೀಕರೇ ಕಳಿಸಿದ್ದ ಎರಡು ಸಾಲು ಸಿಕ್ಕಿತು: ಒಟ್ಟು ಬಾಕಿ ಇಷ್ಟು, ಸ್ವಲ್ಪ ತಡೆಯಿರಿ ಅಂತ. ಗಡುವು ಮುಗಿಯುವ ಮೊದಲೇ ಬರೆದದ್ದು. ಹಾಗೆ ಬರಹದಲ್ಲಿ ಸಾಲ ಒಪ್ಪಿಕೊಂಡರೆ ದಾವೆಯ ಗಡುವು ಹೇಳುವ ಲಿಮಿಟೇಷನ್ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಲೆಕ್ಕ ಹೊಸದಾಗಿ ಶುರು. ಇಮೇಲನ್ನು ಸಾಕ್ಷಿಯಾಗಿ ಕೊಡಲು ಬೇಕಾದ ಸರ್ಟಿಫಿಕೇಟನ್ನೂ ಅವತ್ತೇ ಸಿದ್ಧ ಮಾಡಿಟ್ಟೆ.

ಇನ್ನು ಎದುರು ಪಾರ್ಟಿ ಹೇಳುವುದೇನು? "ಮಾಲು ಸರಿ ಇರಲಿಲ್ಲ", ಇಲ್ಲವೇ "ಮಾಲು ಬಂದೇ ಇಲ್ಲ." ಹತ್ತರಲ್ಲಿ ಎಂಟು ಕೇಸಿನಲ್ಲಿ ನೋಟಿಸು ಮುಟ್ಟಿದ ಮೇಲೇ ಮಾಲು ಕೆಡುತ್ತದೆ! ನಾನು ಮೂರು ಕಾಗದ ನೋಡುತ್ತೇನೆ: ಗೇಟಿನಲ್ಲಿ ಸೀಲು ಬಿದ್ದ ಡೆಲಿವರಿ ಚಲನ್, ಸರಕು ಸಾಗಿಸಲು ಆನ್‌ಲೈನಿನಲ್ಲಿ ತೆಗೆಯುವ ಇ-ವೇ ಬಿಲ್, ಜಿಎಸ್‌ಟಿ ರಿಟರ್ನ್. ಅದೇ ಬಿಲ್ಲಿನ ಮೇಲೆ ತೆರಿಗೆ ಕ್ರೆಡಿಟ್ ತೆಗೆದುಕೊಂಡವರು, ಅಂದರೆ ಅದರ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಂಡವರು, ಮಾಲು ಬಂದೇ ಇಲ್ಲ ಎನ್ನುವುದು ಕಷ್ಟ, ಅಲ್ವಾ? ಬೇಡ ಅಂತ ತಿಳಿಸದೆ ತಿಂಗಳುಗಟ್ಟಲೆ ಇಟ್ಟುಕೊಂಡರೆ ಒಪ್ಪಿಕೊಂಡ ಹಾಗೆ ಎಂದು 1930ರ ಸರಕು ಮಾರಾಟ ಕಾಯ್ದೆಯಲ್ಲೂ ಇದೆ.

ಬೇರೆ ಕೇಸುಗಳಲ್ಲಿ ದಾವೆ ಎದುರಿಸುವವರ ಪರವಾಗಿ ನಿಂತಾಗ ನಾನೇ ಎಡವಿದ್ದೂ ಉಂಟು. ಆಸ್ತಿ ಕೇಸುಗಳಲ್ಲಿ ಉತ್ತರ ಹಾಕಲು ತಡವಾದರೆ ದಂಡ ಕಟ್ಟಿ ಬಚಾವಾಗುತ್ತಿದ್ದೆವು. ಇಲ್ಲಿ ಸಮನ್ಸ್ ಮುಟ್ಟಿ 120 ದಿನ ಆದರೆ ಬಾಗಿಲು ಬಂದ್. ಒಮ್ಮೆ ಅದೇ ಹಳೇ ಧೋರಣೆಯಲ್ಲಿ ಕೂತಿದ್ದು, 117ನೇ ದಿನ ರಾತ್ರಿಯೆಲ್ಲಾ ಟೈಪ್ ಮಾಡಿಸಿದೆ.

ಪೀಣ್ಯದ ಕೇಸಿಗೆ ಬರೋಣ. ತಡೆಯಾಜ್ಞೆಯಂಥ ತುರ್ತು ಪರಿಹಾರ ಬೇಡವಾದರೆ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಸುಪ್ರೀಂ ಕೋರ್ಟ್ 2022ರಲ್ಲಿ ಇದನ್ನು ಖಡಾಖಂಡಿತ ಹೇಳಿತು. ಬರೀ ಕಾಲಹರಣ ಅಂತ ಗೊಣಗುತ್ತಲೇ ಹೋದೆ. ಅಲ್ಲಿ ಎದುರಿನವರ ನಿಜವಾದ ನೋವು ಹೊರಬಂತು: ಎರಡು ಸಲ ಮಾಲು ತಡವಾಗಿ ಅವರ ದೊಡ್ಡ ಗಿರಾಕಿ ಕೈಬಿಟ್ಟು ಹೋಗಿದ್ದ. ನನ್ನ ಕಕ್ಷಿದಾರರು ಅದನ್ನು ನನಗೂ ಹೇಳಿರಲಿಲ್ಲ. ಕೊನೆಗೆ 11.5 ಲಕ್ಷಕ್ಕೆ, ನಾಲ್ಕು ಕಂತಿಗೆ ಒಪ್ಪಿದರು.

ನಾಲ್ಕೂ ಕಂತು ಬಂತು. ಈಗ ಅವರಿಬ್ಬರ ನಡುವೆ ಮತ್ತೆ ವ್ಯಾಪಾರ ಇದೆ, ಅಡ್ವಾನ್ಸ್ ಇಲ್ಲದೆ ಮಾತ್ರ ಇಲ್ಲ. ನನ್ನ ಕಕ್ಷಿದಾರರು ಪ್ರತಿ ಏಪ್ರಿಲ್‌ನಲ್ಲಿ ಎಲ್ಲಾ ಗಿರಾಕಿಗಳಿಂದ ಬಾಕಿ ದೃಢೀಕರಣ ಪತ್ರಕ್ಕೆ ಸಹಿ ಹಾಕಿಸಿಕೊಂಡು ನನಗೊಂದು ಫೋಟೋ ಕಳಿಸುತ್ತಾರೆ. ಕಾಫಿಗೆ ಕರೆಯುವುದು ಮಾತ್ರ ಮರೆತೇಬಿಟ್ಟಿದ್ದಾರೆ.