ಕಸಿದುಕೊಳ್ಳಬೇಡಿ, ಬದಲಿ ಕೊಡಿ

ನಾಯಿಯ ಬಾಯಲ್ಲಿ ಚಪ್ಪಲಿ ಕಂಡ ಕೂಡಲೇ ಮನೆಮಂದಿಯೆಲ್ಲ "ಏಯ್, ಬಿಡೋ!" ಅಂತ ಬೆನ್ನಟ್ಟುತ್ತಾರೆ. ಮೊದಲು ಬಿಡಬೇಕಾದದ್ದು ಈ ಅಭ್ಯಾಸ. ಅಟ್ಟಿಸಿಕೊಂಡು ಹೋದರೆ ಅದಕ್ಕದು ಆಟ. ಮೂಲೆಗೆ ಒತ್ತಿ ಕಿತ್ತುಕೊಂಡಿರೋ, ಮುಂದಿನ ಸಲ ಸಿಕ್ಕಿದ್ದನ್ನು ಮಂಚದಡಿಗೆ ಒಯ್ಯುತ್ತದೆ, ಇಲ್ಲವೇ ನೀವು ಹತ್ತಿರ ಬರುವಷ್ಟರಲ್ಲಿ ಗಬಕ್ಕನೆ ನುಂಗಿಬಿಡುತ್ತದೆ. ನುಂಗಿದ ಕಾಲುಚೀಲ ಕರುಳಿನಲ್ಲಿ ಸಿಕ್ಕಿಕೊಂಡರೆ ಹೊಟ್ಟೆ ಕೊಯ್ಯಿಸಬೇಕಾಗುತ್ತದೆ. ಎಷ್ಟೋ ನಾಯಿಗಳನ್ನು ಸಾಕಿದ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಬಾಯಲ್ಲಿರುವುದು ನಿಮಗೆ ಬೇಕೇ, ಅದಕ್ಕಿಂತ ರುಚಿಯಾದದ್ದನ್ನು ಕೊಟ್ಟು ತೆಗೆದುಕೊಳ್ಳಿ.

"ಬಿಡು" ಅನ್ನುವುದನ್ನು ಚಪ್ಪಲಿಯಿಂದ ಕಲಿಸಲು ಹೋಗಬೇಡಿ, ಅದಕ್ಕೆ ಅಷ್ಟೇನೂ ಇಷ್ಟವಿಲ್ಲದ ಆಟಿಕೆಯಿಂದ ಶುರುಮಾಡಿ. ಆಟಿಕೆ ಬಾಯಲ್ಲಿರುವಾಗ, ಬೇಯಿಸಿದ ಕೋಳಿಮಾಂಸದ ಕಡಲೆಕಾಳಿನಷ್ಟು ಚೂರನ್ನು ಮೂಗಿನ ಹತ್ತಿರ ಹಿಡಿಯಿರಿ. ಮೂಗಿನ ಹೊಳ್ಳೆ ಅರಳುತ್ತದೆ, ದವಡೆ ಸಡಿಲವಾಗುತ್ತದೆ, ಆಟಿಕೆ ಜಾರಿ ಬೀಳುತ್ತದೆ. ಬಿದ್ದ ಆ ಕ್ಷಣಕ್ಕೇ "ಭಲೇ" ಅನ್ನಿ, ಚೂರು ಕೊಡಿ. ಒಂದೆರಡು ಸೆಕೆಂಡಿಗಿಂತ ತಡವಾದರೆ ಯಾವುದಕ್ಕೆ ಸಿಕ್ಕಿತು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಆಮೇಲೆ ಆಟಿಕೆಯನ್ನೂ ವಾಪಸು ಕೊಡಿ. ಇದನ್ನು ಹೆಚ್ಚಿನವರು ಮರೆಯುತ್ತಾರೆ. ಕೊಟ್ಟರೆ ಕಳೆದುಕೊಳ್ಳುವುದಿಲ್ಲ ಅಂತ ಗೊತ್ತಾದ ನಾಯಿ ಯಾಕೆ ಬಚ್ಚಿಡುತ್ತದೆ? ಚೂರು ಕಂಡರೆ ಸಲೀಸಾಗಿ ಬಿಡುವ ಹಂತ ಬಂದಾಗ ಮೊದಲು "ಬಿಡು" ಅನ್ನಿ, ಬಿಟ್ಟ ಮೇಲೆ ಚೂರನ್ನು ಹೊರತೆಗೆಯಿರಿ. ಇದು ಲಂಚವಲ್ಲವೇ ಅಂತ ಕೇಳುವವರಿದ್ದಾರೆ. ಕೆಲಸ ಮುಗಿದ ಮೇಲೆ ಕೈಗೆ ಬರುವುದು ಕೂಲಿ, ಲಂಚವಲ್ಲ.

ನೆಲದ ಮೇಲೆ ಬಿದ್ದಿದ್ದಕ್ಕೆ ಬಾಯಿ ಹಾಕದಿರುವುದು ಬೇರೆಯೇ ಪಾಠ. ತಿಂಡಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಮುಂದೆ ಚಾಚಿ. ಮೂಸುತ್ತದೆ, ನೆಕ್ಕುತ್ತದೆ, ಕಾಲಿನಿಂದ ಕೆರೆಯುತ್ತದೆ, ಸುಮ್ಮನಿರಿ. ಬೇಸತ್ತು ಮುಖ ಹಿಂದಕ್ಕೆ ತೆಗೆದ ಕೂಡಲೇ ಇನ್ನೊಂದು ಕೈಯಿಂದ ಬೇರೆ ಚೂರು ಕೊಡಿ. ಮುಷ್ಟಿಯಲ್ಲಿದ್ದದ್ದನ್ನು ಮಾತ್ರ ಕೊಡಬೇಡಿ. ಚಾಕೊಲೇಟು, ದ್ರಾಕ್ಷಿ, ಈರುಳ್ಳಿ, ಮಾತ್ರೆ ಇವೆಲ್ಲ ನಾಯಿಗೆ ವಿಷವಾಗಬಲ್ಲವು, ಹಾಗಾಗಿ ಈ ಪಾಠ ಒಂದಲ್ಲ ಒಂದು ದಿನ ಜೀವ ಉಳಿಸುತ್ತದೆ.

ಮರಿಯಾಗಿದ್ದರೆ ಸ್ವಲ್ಪ ತಾಳ್ಮೆ ಬೇಕು. 28 ಹಾಲುಹಲ್ಲು ಉದುರಿ 42 ಹೊಸ ಹಲ್ಲು ಬರುವ ಸಮಯ, ಸುಮಾರು ನಾಲ್ಕರಿಂದ ಏಳು ತಿಂಗಳ ವಯಸ್ಸು. ಒಸಡು ನವೆಯಾಗಿ ಏನಾದರೂ ಅಗಿಯಲೇಬೇಕು. ಅಗಿಯಲು ಅದರದೇ ಆಟಿಕೆ ಕೊಡಿ, ಅದನ್ನು ಅಗಿಯುವಾಗ ಹೊಗಳಿ. ಚಪ್ಪಲಿ, ರಿಮೋಟು, ಚಾರ್ಜರು ಮೇಲಿಡುವುದು ನಿಮ್ಮ ಕೆಲಸ.

ಇನ್ನು ತಿನ್ನುವಾಗ ಹತ್ತಿರ ಹೋದರೆ ಗುರ್ ಅನ್ನುವ ನಾಯಿ. ಅದಕ್ಕೂ ಮುಂಚೆಯೇ ಸೂಚನೆ ಕೊಟ್ಟಿರುತ್ತದೆ: ಮೈ ಸೆಟೆಸುತ್ತದೆ, ತಟ್ಟೆಗೆ ಮುಖ ತಗ್ಗಿಸಿ ಗಬಗಬ ತಿನ್ನುತ್ತದೆ, ತಲೆ ತಿರುಗಿಸದೆ ಕಣ್ಣಿನ ಬಿಳಿಭಾಗ ಕಾಣುವಂತೆ ವಾರೆಗಣ್ಣಲ್ಲಿ ನೋಡುತ್ತದೆ. ಗುರ್ ಅಂದಿದ್ದಕ್ಕೆ ದಯವಿಟ್ಟು ಹೊಡೆಯಬೇಡಿ. ಹೊಡೆದರೆ ಗುರ್ ಅನ್ನುವುದನ್ನು ಬಿಡಬಹುದು, ಭಯ ಹಾಗೇ ಉಳಿಯುತ್ತದೆ, ಆಮೇಲೆ ಎಚ್ಚರಿಕೆಯಿಲ್ಲದೆ ಕಚ್ಚುತ್ತದೆ. ಅದು ಆರಾಮಾಗಿ ತಿನ್ನುತ್ತಿರುವಾಗ ದೂರದಿಂದಲೇ ಹಾದುಹೋಗುತ್ತಾ ಒಂದು ಒಳ್ಳೆಯ ಚೂರು ಎಸೆದು ಮುಂದೆ ನಡೆಯಿರಿ. ನೀವು ಬಂದರೆ ತಲೆಯೆತ್ತಿ ಬಾಲ ಆಡಿಸುವಂತಾದ ಮೇಲೆ ಒಂದು ಹೆಜ್ಜೆ ಹತ್ತಿರ. ಮಕ್ಕಳ ಕೈಗೆ ಮಾತ್ರ ಈ ಕೆಲಸ ಕೊಡಬೇಡಿ. ಒಮ್ಮೆ ಕಚ್ಚಿದ ನಾಯಿಯಾದರೆ ಪಶುವೈದ್ಯರಿಗೆ ತೋರಿಸಿಯೇ ಮುಂದುವರಿಯಿರಿ. ಎಲ್ಲೋ ನೋವಿದ್ದರೂ ನಾಯಿ ಹೀಗೆ ಸಿಡುಕುತ್ತದೆ.

ದಿನಕ್ಕೆ ಎರಡು ಮೂರು ಸಲ, ಒಂದೊಂದು ಸಲ ಐದು ನಿಮಿಷ ಸಾಕು. ಕೊಡುವ ಚೂರುಗಳು ದಿನದ ಆಹಾರದ ಹತ್ತನೇ ಒಂದು ಭಾಗ ದಾಟದಿರಲಿ, ಅಷ್ಟನ್ನು ಊಟದಲ್ಲಿ ಕಡಿಮೆ ಮಾಡಿ.