ಶಿಕ್ಷೆಗೆ ಮುನ್ನ ಪ್ರೊಬೇಷನ್ ವರದಿ: ನಾನು ಬರೆಯುವ ಬಗೆ

ನಾನು ಪ್ರೊಬೇಷನ್ ಅಧಿಕಾರಿ. ತಪ್ಪಿತಸ್ಥನೆಂದು ತೀರ್ಮಾನವಾದವನನ್ನು ಜೈಲಿಗೆ ಕಳಿಸದೆ, ಸನ್ನಡತೆಯ ಬಾಂಡ್ (ಮುಚ್ಚಳಿಕೆ) ಬರೆಸಿಕೊಂಡು ಬಿಡುವುದೇ ಪ್ರೊಬೇಷನ್. ಹಾಗೆ ಬಿಡಬಹುದೇ ಎಂದು ಕೋರ್ಟಿನಿಂದ ವರದಿ ಕೇಳಿ ಪತ್ರ ಬಂದಾಗ ನಾನು ಮೊದಲು ನೋಡುವುದು ಎರಡನ್ನು: ಯಾವ ಕಲಮು, ವಯಸ್ಸು ಎಷ್ಟು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧವಾದರೆ 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆಯ 4ನೇ ಕಲಮು, ಅಂದರೆ ಬಾಂಡ್ ಮೇಲಿನ ಬಿಡುಗಡೆ, ಅನ್ವಯಿಸುವುದಿಲ್ಲ. 21 ತುಂಬದವರ ವಿಷಯದಲ್ಲಿ 6ನೇ ಕಲಮು ಬರುತ್ತದೆ. ಅಲ್ಲಿ ವರದಿ ತರಿಸಿಕೊಳ್ಳುವುದು ಕಡ್ಡಾಯ, ಜೈಲಿಗೆ ಕಳಿಸಿದರೆ ಕಾರಣವನ್ನೂ ಬರೆಯಬೇಕು. ವಯಸ್ಸನ್ನು ಎಣಿಸಬೇಕಾದ್ದು ಕೃತ್ಯದ ದಿನಕ್ಕಲ್ಲ, ಕೋರ್ಟು ತಪ್ಪಿತಸ್ಥನೆಂದು ತೀರ್ಮಾನಿಸಿದ ದಿನಕ್ಕೆ. ರಾಮ್‌ಜಿ ಮಿಸ್ಸರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಹೇಳಿದ್ದರೂ ಎಡವುವವರು ಈಗಲೂ ಇದ್ದಾರೆ. ಹಾಗಾಗಿ ಶಾಲೆಯ ದಾಖಲೆಯ ನಕಲನ್ನು ಮೊದಲ ದಿನವೇ ಕೇಳಿ ಇಟ್ಟುಕೊಳ್ಳುತ್ತೇನೆ.

ಶಿಕ್ಷೆಯ ವಾದಕ್ಕೆ ಸಿಗುವ ವಾಯಿದೆ ಚಿಕ್ಕದು. ಆದರೂ ತೀರ್ಪಿನ ಪ್ರತಿ ಓದದೆ ಅಪರಾಧಿಯ ಮನೆಗೆ ಹೋದರೆ ಮನೆಯವರು ಹೇಳಿದ್ದೇ ಪ್ರಕರಣ ಆಗಿಬಿಡುತ್ತದೆ. ಹಿಂದಿನ ಶಿಕ್ಷೆಗಳ ಬಗ್ಗೆ ಪೊಲೀಸ್ ಠಾಣೆಯಿಂದ ಲಿಖಿತವಾಗಿ ತರಿಸುತ್ತೇನೆ. ಬಾಯಿಮಾತಿನ 'ಏನೂ ಇಲ್ಲ ಸಾರ್' ವರದಿಗೆ ಬರುವುದಿಲ್ಲ.

ಮನೆಗೆ ಹೇಳದೆ ಹೋಗಬೇಕು, ಸಾಧ್ಯವಾದರೆ ಸಂಜೆ. ತಾಯಿಯನ್ನು ಬೇರೆ, ಹೆಂಡತಿಯನ್ನು ಬೇರೆ ಮಾತನಾಡಿಸುತ್ತೇನೆ. ಒಟ್ಟಿಗೆ ಕೂತರೆ ಕುಡಿತದ ವಿಷಯ ಹೊರಗೆ ಬರುವುದೇ ಇಲ್ಲ. ಅಕ್ಕಪಕ್ಕದವರಲ್ಲಿ ಪ್ರಕರಣದ ಹೆಸರೆತ್ತುವುದಿಲ್ಲ. ಎಷ್ಟು ವರ್ಷದಿಂದ ಇಲ್ಲಿದ್ದಾರೆ, ಕೆಲಸಕ್ಕೆ ಎಷ್ಟು ಹೊತ್ತಿಗೆ ಹೋಗುತ್ತಾರೆ, ಇಷ್ಟೇ ಸಾಕು. ಬಾಂಡ್ ಮೇಲೆ ಬಿಡಬೇಕಾದರೆ ಅಪರಾಧಿಗಾಗಲೀ ಜಾಮೀನುದಾರನಿಗಾಗಲೀ ಕೋರ್ಟಿನ ವ್ಯಾಪ್ತಿಯಲ್ಲಿ, ಇಲ್ಲವೇ ಬಾಂಡಿನ ಅವಧಿಯಲ್ಲಿ ಅಪರಾಧಿ ಇರಲಿರುವ ಊರಿನಲ್ಲಿ, ಸ್ಥಿರ ವಾಸ ಅಥವಾ ಕಾಯಂ ಉದ್ಯೋಗ ಇರಬೇಕು. ಎಷ್ಟೋ ವರದಿಗಳು ಸೋಲುವುದು ಇಲ್ಲೇ: ಬಾಡಿಗೆ ಕರಾರು ನೋಡಿರುವುದಿಲ್ಲ, ಜಾಮೀನುದಾರ ಪಕ್ಕದ ಜಿಲ್ಲೆಯವನಾಗಿರುತ್ತಾನೆ.

ಬರೆಯುವಾಗ ಕಂಡದ್ದು, ಕೇಳಿದ್ದು, ನನ್ನ ಅಭಿಪ್ರಾಯ, ಮೂರನ್ನೂ ಬೇರೆಬೇರೆ ಪ್ಯಾರಾದಲ್ಲಿ ಇಡುತ್ತೇನೆ. 'ಸಭ್ಯ ಕುಟುಂಬದವನು, ಸುಧಾರಿಸುವ ಸಾಧ್ಯತೆ ಇದೆ' ಎಂಬ ಸಾಲಿನಿಂದ ನ್ಯಾಯಾಧೀಶರಿಗೆ ಏನೂ ಸಿಗುವುದಿಲ್ಲ. 'ಅಣ್ಣನ ಗ್ಯಾರೇಜಿನಲ್ಲಿ ಎರಡು ವರ್ಷದಿಂದ ಕೆಲಸ. ಹಾಜರಿ ಪುಸ್ತಕ ನೋಡಿದೆ. ಕಳೆದ ತಿಂಗಳು ಐದು ದಿನ ಗೈರು, ಅದರಲ್ಲಿ ಮೂರು ಕೋರ್ಟಿನ ವಾಯಿದೆಗಳು' ಎಂದು ಬರೆದರೆ ಅದನ್ನೇ ಆದೇಶಕ್ಕೆ ಎತ್ತಿಕೊಳ್ಳಬಹುದು. ತಪ್ಪು ಮಾಡಿದ್ದನೋ ಇಲ್ಲವೋ ಎಂಬ ಚರ್ಚೆಗೆ ಮಾತ್ರ ಕೈಹಾಕಬಾರದು, ಅದು ತೀರ್ಪಿನಲ್ಲಿ ಮುಗಿದಿದೆ.

ವರದಿ ಗೋಪ್ಯ, ಮೊಹರು ಹಾಕಿದ ಲಕೋಟೆಯಲ್ಲೇ ಕೊಡುತ್ತೇನೆ. ಆದರೂ 7ನೇ ಕಲಮಿನಂತೆ ಕೋರ್ಟು ಅದರ ಸಾರಾಂಶವನ್ನು ಅಪರಾಧಿಗೆ ತಿಳಿಸಿ, ಅವನಿಗೆ ಸಾಕ್ಷ್ಯ ಕೊಡಲು ಅವಕಾಶ ಮಾಡಿಕೊಡಬಹುದು. ಆದ್ದರಿಂದ ಮಾಹಿತಿ ಕೊಟ್ಟ ನೆರೆಯವರ ಹೆಸರು ಹಾಕುವುದಿಲ್ಲ, ಸಮರ್ಥಿಸಲಾಗದ ಸಾಲು ಬರೆಯುವುದಿಲ್ಲ.

ಬಿಡುಗಡೆಗೆ ಹಾಕುವ ಷರತ್ತುಗಳ ಬಗ್ಗೆ ನನ್ನದು ಸ್ವಲ್ಪ ಹಠವೇ. ಲಾರಿ ಕ್ಲೀನರ್‌ಗೆ 'ಪ್ರತಿ ಸೋಮವಾರ ಹಾಜರಾಗು' ಎಂದರೆ ಮೊದಲ ತಿಂಗಳೇ ಉಲ್ಲಂಘನೆ. ಅವನಿಗೆ ತಿಂಗಳಿಗೆ ಎರಡು ಬಾರಿ, ದಿನ ಅವನ ಟ್ರಿಪ್ಪಿಗೆ ಹೊಂದುವಂತೆ ಎಂದು ಸೂಚಿಸುತ್ತೇನೆ. 5ನೇ ಕಲಮಿನಂತೆ ನೊಂದವರಿಗೆ ಕೊಡಬೇಕಾದ ಪರಿಹಾರದ ಮಾತು ಬಂದರೆ ಆದಾಯ, ಬಾಡಿಗೆ, ಸಾಲದ ಕಂತು ಎಲ್ಲ ಕಳೆದು ಉಳಿಯುವ ಮೊತ್ತ ಬರೆಯುತ್ತೇನೆ. ತಿಂಗಳಿಗೆ 12,000 ದುಡಿದು 10,500 ಖರ್ಚಿರುವವನಿಗೆ 3,000ದ ಕಂತು ಹಾಕಿದರೆ ನೊಂದವರಿಗೆ ಆ ದುಡ್ಡು ಮುಟ್ಟುವುದಿಲ್ಲ. ನೊಂದವರು ಅದೇ ಬೀದಿಯಲ್ಲಿದ್ದರೆ ವಾಸದ ಷರತ್ತಿನ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ.

ಬಾಂಡಿನ ಅವಧಿ 3 ವರ್ಷ ಮೀರುವಂತಿಲ್ಲ. ಪ್ರೊಬೇಷನ್ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಇರಬೇಕೆಂಬ ಆದೇಶವಾದರೆ ಅದು 1 ವರ್ಷಕ್ಕೆ ಕಡಿಮೆ ಇರುವಂತಿಲ್ಲ. ಬಿಡುಗಡೆಯ ದಿನವೇ ಷರತ್ತುಗಳನ್ನು ಅವನ ಭಾಷೆಯಲ್ಲಿ ಓದಿ ಹೇಳಿ, ಅವನ ಬಾಯಿಂದಲೇ ತಿರುಗಿ ಹೇಳಿಸುತ್ತೇನೆ. ಕೆಲಸ ಬದಲಾದರೆ, ಊರು ಬಿಡಬೇಕಾದರೆ, ತಪ್ಪುವ ಮೊದಲೇ 8ನೇ ಕಲಮಿನಡಿ ಷರತ್ತು ಬದಲಿಸಲು ಅರ್ಜಿ ಹಾಕುತ್ತೇನೆ. ತಪ್ಪಿದ ಮೇಲೆ 9ನೇ ಕಲಮು: ಸಮನ್ಸು ಅಥವಾ ವಾರಂಟು, ಮೊದಲ ಸಲವಾದರೆ 50 ರೂಪಾಯಿವರೆಗಿನ ದಂಡಕ್ಕೆ ಮುಗಿಯಬಹುದು, ಇಲ್ಲವೇ ಮೂಲ ಅಪರಾಧಕ್ಕೇ ಶಿಕ್ಷೆ ಆಗಬಹುದು. ನಡತೆ ಚೆನ್ನಾಗಿದ್ದು ಮೇಲ್ವಿಚಾರಣೆ ಇನ್ನು ಬೇಡ ಅನ್ನಿಸಿದರೆ, ಅವಧಿ ಮುಗಿಯುವವರೆಗೆ ಕಾಯದೆ ಬಾಂಡ್ ರದ್ದುಮಾಡಲು ಅದೇ 8ನೇ ಕಲಮಿನಡಿ ನಾವೇ ಅರ್ಜಿ ಕೊಡಬಹುದು. ಈ ಅರ್ಜಿಯನ್ನು ಹಾಕುವವರು ಕಡಿಮೆ.