ಇಫ್-ಎಲ್ಸ್ ಬರೆಯೋದು ಹೇಗೆ

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇಫ್ (if) ಅಂತ ಬರೆದು ಪಕ್ಕದಲ್ಲಿ ಕಂಡೀಶನ್ (ಷರತ್ತು) ಕೊಡಿ, ಕೊನೆಗೆ ಕೋಲನ್ (:) ಹಾಕಿ ಕೆಳಗಿನ ಸಾಲನ್ನ 4 ಸ್ಪೇಸ್ ಒಳಗೆ ತಳ್ಳಿ ಬರೀರಿ, ಕಂಡೀಶನ್ ನಿಜ ಆದ್ರೆ ಮಾತ್ರ ಆ ಸಾಲು ಓಡುತ್ತೆ, ಇಲ್ಲಾಂದ್ರೆ ಎಲ್ಸ್ (else) ಕೆಳಗಿರೋದು. ಜಾಸ್ತಿ ಕೇಸ್ ಇದ್ರೆ ಮಧ್ಯ ಎಲಿಫ್ (elif) ಹಾಕ್ಕೊಳ್ಳಿ.

ಆದ್ರೆ ಆರ್ಡರ್ ತುಂಬಾ ಮುಖ್ಯ ಕಣ್ರೀ. ಮಾರ್ಕ್ಸ್ >= 40 ಆದ್ರೆ ಪಾಸ್ ಅಂತ ಮೊದಲು ಇಟ್ಟು ಆಮೇಲೆ >= 80 ಆದ್ರೆ ಡಿಸ್ಟಿಂಕ್ಷನ್ ಅಂತ ಇಟ್ರೆ, 90 ತಗೊಂಡವ್ರಿಗೂ ಬರೀ ಪಾಸ್ ಅಂತಾನೇ ಬರುತ್ತೆ, ಯಾಕಂದ್ರೆ ಅದು ಮೇಲಿಂದ ನೋಡ್ಕೊಂಡು ಬಂದು ಮೊದಲು ಯಾವುದು ನಿಜ ಆಯ್ತೋ ಅಲ್ಲಿಗೇ ಮುಗಿಸುತ್ತೆ, ಕೆಳಗಿನ ಎಲಿಫ್‌ನ ತಿರುಗಿಯೂ ನೋಡಲ್ಲ. ದೊಡ್ಡ ನಂಬರ್ ಮೇಲೆ ಇಡಿ.

ಇನ್ನೊಂದು, ಹೋಲಿಸೋಕೆ == ಬೇಕು, ಇಫ್ ಕಂಡೀಶನ್ ಒಳಗೆ ಒಂದೇ = ಹಾಕಿದ್ರೆ ಪೈಥಾನ್ ಸಿಂಟ್ಯಾಕ್ಸ್ ಎರರ್ (ಬರೆದ ರೀತಿ ತಪ್ಪು ಅಂತ) ಕೊಡುತ್ತೆ. ಸಿ ಲ್ಯಾಂಗ್ವೇಜಲ್ಲಾದ್ರೆ ವ್ಯಾಲ್ಯೂನೇ ಬದಲಾಗಿಬಿಡುತ್ತೆ, ಅದು ಇನ್ನೂ ಡೇಂಜರ್.